ಸಿಯಾಟಲ್‌ನಲ್ಲಿ ಎಚ್‌-1ಬಿ (ಅಮೆರಿಕದ ಕೆಲಸದ ವೀಸಾ) ಮೇಲಿದ್ದು ಕರಡಿ ಬೇಟೆ ಆಡಬಹುದಾ?

ಆಡಬಹುದು ಸಾರ್, ಆದರೆ ಬಂದೂಕು ಕೊಳ್ಳುವುದು ಆಮೇಲೆ. ಎಚ್‌-1ಬಿಯಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ ವಿದೇಶಿಯರಿಗೆ ಅಂತಲೇ ಬೇರೆ ಬಂದೂಕು ಲೈಸೆನ್ಸ್ ಇಟ್ಟಿದೆ, ಇದನ್ನು ಸುಮ್ನೆ ಗೆಳೆಯರ ಮಾತು ನಂಬದೆ ವಕೀಲರ ಹತ್ತಿರ ಕೇಳಿ. ನೀವು 1972ರ ಜನವರಿ 1ರ ನಂತರ ಹುಟ್ಟಿದವರಾದರೆ ಬೇಟೆ ತರಬೇತಿಯೂ ಮುಗಿಸಿರಬೇಕು.

ಅಲ್ಲಿ ಬೇಟೆ ಆಡಬಹುದಾದದ್ದು ಕಪ್ಪು ಕರಡಿಯನ್ನು ಮಾತ್ರ. ಆಮಿಷ ಇಟ್ಟು, ನಾಯಿ ಬಿಟ್ಟು ಹೊಡೆಯುವುದನ್ನು 1996ರಲ್ಲಿ ಜನರೇ ಮತ ಹಾಕಿ ನಿಲ್ಲಿಸಿದರು. ಗ್ರಿಜ್ಲಿಗೆ (ಕಾನೂನಿನ ರಕ್ಷಣೆ ಇರುವ ಇನ್ನೊಂದು ಜಾತಿಯ ಕರಡಿ) ಹೊಡೆದರೆ ಕಥೆ ಮುಗಿಯಿತು. ಬಣ್ಣ ನೋಡಿ ಮೋಸ ಹೋಗಬೇಡಿ, ಕಪ್ಪು ಕರಡಿ ಕಂದು ಬಣ್ಣದಲ್ಲೂ ಇರುತ್ತದೆ. ಹೆಗಲ ಮೇಲೆ ಗೂನು, ಚಿಕ್ಕ ದುಂಡು ಕಿವಿ ಕಂಡರೆ ಗ್ರಿಜ್ಲಿ. ಒಂಟಿ ಕರಡಿ ಕಂಡರೂ ಸ್ವಲ್ಪ ಹೊತ್ತು ಕಾಯಿರಿ, ಅದು ತಾಯಿಯಾಗಿದ್ದು ಮರಿಗಳು ಹಿಂದೆ ಪೊದೆಯಲ್ಲಿ ಇರಬಹುದು.

ಹೊಡೆದ ಮೇಲೆ ಒಂದು ಹಲ್ಲನ್ನು ರಾಜ್ಯದ ವನ್ಯಜೀವಿ ಇಲಾಖೆಗೆ ಕಳಿಸಬೇಕು, ಅದರಿಂದ ವಯಸ್ಸು ಲೆಕ್ಕ ಹಾಕುತ್ತಾರೆ. ಮಾಂಸ ಫ್ರೀಜರ್‌ನಲ್ಲಿ ಇಟ್ಟರೆ ಹುಳು ಸಾಯುತ್ತದೆ ಅನ್ನೋದು ಕರಡಿ ವಿಷಯದಲ್ಲಿ ನಡೆಯುವುದಿಲ್ಲ, ಒಳಗೆ 71 ಡಿಗ್ರಿ ಸೆಲ್ಸಿಯಸ್ ಬರುವ ತನಕ ಬೇಯಿಸಿ. ನಮ್ಮ ಸಾರಿನ ಕುದಿಗೆ ಅದೇನು ಕಷ್ಟ ಅಲ್ಲ, ಅಲ್ವಾ?