‘ತನಿಖೆ’ ಎಂಬ ಒಂದೇ ಪದದಲ್ಲಿ ಸಿಕ್ಕಿಕೊಂಡ ನಿಮ್ಮ ಲೇಖನ

ಮಾನ್ಯರೇ,

ಬ್ರಿಟನ್ನಿನ ‘ಗ್ರೂಮಿಂಗ್ ಗ್ಯಾಂಗ್’ಗಳ (ಹುಡುಗಿಯರನ್ನು ಪುಸಲಾಯಿಸಿ ಲೈಂಗಿಕ ದೌರ್ಜನ್ಯ ನಡೆಸಿದ ಗುಂಪುಗಳ) ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿನ ರಾಜಕಾರಣಿಗಳು ಜಗಳವಾಡಿದ್ದು ಯಾವುದಕ್ಕೆ ಎಂಬುದು ಆರು ಪುಟ ಓದಿದರೂ ತಿಳಿಯುವುದಿಲ್ಲ.

ತೊಡಕು ‘ತನಿಖೆ’ ಎಂಬ ಪದದಲ್ಲಿದೆ. ಕನ್ನಡದಲ್ಲಿ ಪೊಲೀಸರು ಮಾಡುವುದೂ ತನಿಖೆ, ಆಯೋಗ ಮಾಡುವುದೂ ತನಿಖೆ. ‘ತನಿಖೆಗೆ ಒಪ್ಪಿದ ಸರ್ಕಾರ ಅಪರಾಧಿಗಳಿಗೆ ಶಿಕ್ಷೆ ಕೊಡಿಸಲಿದೆ’ ಎಂದು ನೀವು ಬರೆದದ್ದು ಈ ಗೊಂದಲದಿಂದಲೇ. ಅಲ್ಲಿನ 2005ರ ವಿಚಾರಣಾ ಆಯೋಗಗಳ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಆಯೋಗ ಯಾರನ್ನೂ ಅಪರಾಧಿ ಎಂದು ತೀರ್ಮಾನಿಸುವಂತಿಲ್ಲ. ಅದರ ಬಲ ಇರುವುದು 21ನೇ ಸೆಕ್ಷನ್‌ನಲ್ಲಿ: ಸಾಕ್ಷಿಗಳನ್ನು ಕರೆಸಬಹುದು, ಕಡತ ತರಿಸಬಹುದು. ಕೌನ್ಸಿಲ್ (ಸ್ಥಳೀಯ ಆಡಳಿತ) ತಾನೇ ನೇಮಿಸುವ ಸ್ಥಳೀಯ ವಿಚಾರಣೆಗೆ ಈ ಬಲವಿಲ್ಲ. ನಿವೃತ್ತ ಅಧಿಕಾರಿ ‘ಬರುವುದಿಲ್ಲ’ ಎಂದರೆ ಮುಗಿಯಿತು. 2025ರ ಜನವರಿಯಲ್ಲಿ ಸರ್ಕಾರ 50 ಲಕ್ಷ ಪೌಂಡ್ ಇಟ್ಟು ಐದು ಸ್ಥಳೀಯ ವಿಚಾರಣೆ ಘೋಷಿಸಿದಾಗ ಟೀಕಾಕಾರರು ಹಿಡಿದದ್ದು ಇದನ್ನೇ. ಲೇಖನ ನಿಲ್ಲಬೇಕಾದ್ದು ಇದರ ಮೇಲೆ, ನೀವು ಒಂದು ಸಾಲೂ ಕೊಟ್ಟಿಲ್ಲ. ‘ಪೊಲೀಸ್ ತನಿಖೆ’, ‘ವಿಚಾರಣಾ ಆಯೋಗ’ ಎಂದು ಬೇರೆ ಮಾಡಿ, ಕೊನೆಯವರೆಗೂ ಹಾಗೇ ಬಳಸಿ. ಇನ್ನು ಈ ಜಾಲಗಳ ಬಗ್ಗೆ ಸರ್ಕಾರಕ್ಕಾಗಿ ಲೂಯಿಸ್ ಕೇಸಿ ಮಾಡಿದ ‘ಆಡಿಟ್’ ಎಂದರೆ ‘ಲೆಕ್ಕಪತ್ರ ತಪಾಸಣೆ’ಯಲ್ಲ, ಅವರು ಯಾರ ರಸೀದಿಯನ್ನೂ ನೋಡಲಿಲ್ಲ! ‘ಪರಿಶೀಲನಾ ವರದಿ’ ಸಾಕು.

ಈ ಜಗಳಕ್ಕೆ ಕಾವು ಕೊಟ್ಟ ಇಲಾನ್ ಮಸ್ಕ್ ಪೋಸ್ಟ್‌ಗಳಿಂದ ಶುರುಮಾಡಬೇಡಿ. ಅಲೆಕ್ಸಿಸ್ ಜೇ ನೇತೃತ್ವದಲ್ಲಿ ಮುಗಿದ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಕುರಿತ ರಾಷ್ಟ್ರೀಯ ಆಯೋಗ 2022ರ ಅಕ್ಟೋಬರ್‌ನಲ್ಲೇ 20 ಶಿಫಾರಸು ಕೊಟ್ಟಿತ್ತು. ‘ಮೊದಲು ಅವನ್ನು ಜಾರಿ ಮಾಡೋಣ’ ಎಂಬುದು ಆಳುವ ಲೇಬರ್ ಪಕ್ಷದ ಆಗಿನ ವಾದ. ‘ಹೊಸ ರಾಷ್ಟ್ರೀಯ ಆಯೋಗ ಬೇಕು’ ಎಂಬ ಎದುರುವಾದಕ್ಕೂ ಗಟ್ಟಿ ಆಧಾರವಿದೆ: ಸಂಘಟಿತ ಜಾಲಗಳ ಬಗ್ಗೆ ಆ ಆಯೋಗ ಆಯ್ದುಕೊಂಡ ಆರು ಪ್ರದೇಶಗಳಲ್ಲಿ ಡರಮ್, ಸ್ವಾನ್ಸೀ, ಬ್ರಿಸ್ಟಲ್ ಇದ್ದವು, ಈ ಪ್ರಕರಣಗಳಿಂದಲೇ ಸುದ್ದಿಯಾದ ರಾದರಮ್, ರಾಚ್‌ಡೇಲ್, ಓಲ್ಡಮ್ ಇರಲಿಲ್ಲ. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ನಿಮ್ಮ ವಿಶೇಷಣಗಳ ಅರ್ಧ ಭಾಗ ತಾನಾಗಿ ಉದುರುತ್ತದೆ.

‘ಲೇಬರ್ ಸಂಸದರು ತನಿಖೆಯೇ ಬೇಡವೆಂದು ಮತ ಹಾಕಿದರು’ ಎಂಬುದು ಅರ್ಧಸತ್ಯ. 2025ರ ಜನವರಿ 8ರಂದು 364–111 ಮತಗಳಿಂದ ಬಿದ್ದದ್ದು ಮಕ್ಕಳ ಕಲ್ಯಾಣ ಮತ್ತು ಶಾಲೆಗಳ ಮಸೂದೆಗೆ ವಿರೋಧ ಪಕ್ಷದ ಕನ್ಸರ್ವೇಟಿವರು ರಾಷ್ಟ್ರೀಯ ಆಯೋಗ ಬೇಕೆಂದು ತಂದ ತಿದ್ದುಪಡಿ. ಅದು ಗೆದ್ದಿದ್ದರೆ ಮಸೂದೆಯೇ ಅಲ್ಲಿಗೆ ನಿಲ್ಲುತ್ತಿತ್ತು. ಎರಡನ್ನೂ ಹೇಳಿ, ತೀರ್ಪು ಓದುಗರು ಕೊಡಲಿ.

ರಾದರಮ್‌ನ 1,400 ಎಂಬ ಸಂಖ್ಯೆ ‘ಸಾಬೀತಾದ ಪ್ರಕರಣ’ಗಳದ್ದಲ್ಲ. 1997ರಿಂದ 2013ರವರೆಗೆ ದೌರ್ಜನ್ಯಕ್ಕೊಳಗಾದ ಮಕ್ಕಳ ಅಂದಾಜು ಅದು, ತಗ್ಗಿಸಿ ಹಿಡಿದ ಅಂದಾಜು.

ಜನಾಂಗದ ವಿಷಯದಲ್ಲಿ ನೀವು ಕೇಸಿ ವರದಿಯಿಂದ ಒಂದೇ ವಾಕ್ಯ ಎತ್ತಿದ್ದೀರಿ. ವರದಿ ಹೇಳುವುದು ಎರಡು. ಮೂರರಲ್ಲಿ ಎರಡು ಪಾಲು ಆರೋಪಿಗಳ ಜನಾಂಗ ದಾಖಲಾಗಿಯೇ ಇಲ್ಲ, ಹಾಗಾಗಿ ದೇಶಕ್ಕೆಲ್ಲ ಅನ್ವಯಿಸುವ ತೀರ್ಮಾನ ಸಾಧ್ಯವಿಲ್ಲ. ಆದರೆ ಮೂರು ಪೊಲೀಸ್ ವಲಯಗಳ ಅಂಕಿಅಂಶಗಳಲ್ಲಿ ಏಷ್ಯನ್ ಗಂಡಸರ ಪ್ರಮಾಣ ಹೆಚ್ಚು ಕಂಡಿದೆ, ಅಧಿಕಾರಿಗಳು ಆ ಪ್ರಶ್ನೆಯಿಂದ ನುಣುಚಿಕೊಂಡಿದ್ದಾರೆ. ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ. ಬ್ರಿಟಿಷರ ಬಾಯಲ್ಲಿ ‘ಏಷ್ಯನ್’ ಎಂದರೆ ಪಾಕಿಸ್ತಾನ, ಬಾಂಗ್ಲಾದೇಶ, ಭಾರತ ಮೂಲದವರು ಎಂದು ನಮ್ಮ ಓದುಗರಿಗೆ ಒಂದು ಸಾಲಿನಲ್ಲಿ ತಿಳಿಸಿ.

‘ಅಂದಗೊಳಿಸುವ ಗುಂಪು’ ಎಂದು ಬರೆದದ್ದನ್ನು ದಯವಿಟ್ಟು ಹೊಡೆದುಹಾಕಿ, ಬ್ಯೂಟಿ ಪಾರ್ಲರ್ ನೆನಪಾಗುತ್ತದೆ. ತಿಂಡಿ, ಮದ್ಯ, ಕಾರಿನ ಸವಾರಿ, ‘ನೀನೇ ನನ್ನ ಹುಡುಗಿ’ ಎಂಬ ಮಾತು, ಆಮೇಲೆ ಬೆದರಿಕೆ: ಇದು ಪುಸಲಾಯಿಸಿ ಬಲೆಗೆ ಕೆಡವುವ ಕೆಲಸ. ಒಮ್ಮೆ ವಿವರಿಸಿ, ಮುಂದೆ ‘ಗ್ರೂಮಿಂಗ್’ ಎಂದೇ ಬಳಸಿ. ‘ಬಾಲವೇಶ್ಯೆ’ ಎಲ್ಲಿಯೂ ಬೇಡ. ಬ್ರಿಟನ್ನಿನ ಕಾನೂನೇ 2015ರಲ್ಲಿ ಆ ಮಾತನ್ನು ಕಿತ್ತುಹಾಕಿದೆ. ಈ ಹುಡುಗಿಯರನ್ನು ಪೊಲೀಸರು ನಂಬದೇ ಹೋದದ್ದರ ಹಿಂದೆ ಇದ್ದದ್ದು ಇದೇ ಭಾವನೆ.

ನಿಮ್ಮ ಕಥನ 2025ರ ಜೂನ್‌ಗೇ, ಕೇಸಿ ವರದಿಯ ನಂತರ ಸರ್ಕಾರ ಹೊಸ ರಾಷ್ಟ್ರೀಯ ಆಯೋಗಕ್ಕೆ ಒಪ್ಪಿದಲ್ಲಿಗೇ ನಿಂತಿದೆ. ಅಕ್ಟೋಬರ್‌ನಲ್ಲಿ ಆ ಹೊಸ ಆಯೋಗದ ಸಂತ್ರಸ್ತರ ಸಮಿತಿಯಿಂದ ಕೆಲವರು ಹೊರನಡೆದರು. ಅಧ್ಯಕ್ಷ ಸ್ಥಾನಕ್ಕೆ ಕೇಳಿಬಂದ ಇಬ್ಬರೂ ಹಿಂದೆ ಸರಿದರು. ಒಬ್ಬರು ಪೊಲೀಸ್ ಹಿನ್ನೆಲೆಯವರು, ಇನ್ನೊಬ್ಬರು ಸಮಾಜಕಾರ್ಯದವರು. ಆಯೋಗದ ಮುಂದೆ ಉತ್ತರ ಕೊಡಬೇಕಾದವೂ ಇವೇ ಎರಡು ವೃತ್ತಿಗಳು. ಡಿಸೆಂಬರ್‌ನಲ್ಲಿ ಆನ್ ಲಾಂಗ್‌ಫೀಲ್ಡ್ ನೇಮಕವಾಯಿತು: ಅವಧಿ ಮೂರು ವರ್ಷ, ಖರ್ಚು 6.5 ಕೋಟಿ ಪೌಂಡ್.

ತಿದ್ದಿ ಕಳಿಸಿದರೆ ಓದುತ್ತೇವೆ. 1,100 ಪದ ಸಾಕು. ಮುಖ ಮುಚ್ಚಿ ಅಳುವ ಹುಡುಗಿಯ ಚಿತ್ರ ಲಗತ್ತಿಸಿದ್ದೀರಲ್ಲ, ಅದು ಬೇಡ. ಓಲ್ಡಮ್ ಕೌನ್ಸಿಲ್ ಕಟ್ಟಡದ್ದೊಂದು ಚಿತ್ರ ಸಿಕ್ಕರೆ ಕಳಿಸಿ.

— ಸಂಪಾದಕ