ರ‍್ಯಾಪ್ ಕೇಳುವ ಅಣ್ಣ, ಅದನ್ನೇ ಹಾಡುವ ತಂಗಿ: ಒಂದು ಆಪ್ತಸಲಹೆ ಪ್ರಕರಣ

ಇದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಕುಟುಂಬದ ಕಥೆ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗ ಒಂಬತ್ತನೇ ಕ್ಲಾಸು, ಮಗಳು ಮೂರನೇ ಕ್ಲಾಸು. ತಾತನೂ ಜೊತೆಗಿದ್ದಾರೆ.

ನೆಂಟರ ಮನೆಯ ನಾಮಕರಣದಲ್ಲಿ ಈ ಪುಟ್ಟ ಹುಡುಗಿ ಆಡುತ್ತಾ ಆಡುತ್ತಾ ಒಂದು ಇಂಗ್ಲಿಷ್ ಸಾಲು ಜೋರಾಗಿ ಹಾಡಿದಳು. ದೊಡ್ಡವರಿಗೆ ಏನೂ ಗೊತ್ತಾಗಲಿಲ್ಲ. ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಬಿದ್ದು ಬಿದ್ದು ನಕ್ಕು, ಅರ್ಥವನ್ನೂ ಹೇಳಿಬಿಟ್ಟ. ಹೆಂಗಸರ ಬಗ್ಗೆ ಬಹಳ ಕೊಳಕಾದ ಮಾತು ಅದು. ಅಣ್ಣ ಇಯರ್‌ಫೋನ್ ಇಲ್ಲದೆ ರ‍್ಯಾಪ್ (ತಾಳಕ್ಕೆ ಸರಿಯಾಗಿ, ಪ್ರಾಸ ಕೂಡಿಸಿ ಮಾತಿನ ಹಾಗೆ ಹೇಳುವ ಹಾಡು) ಹಾಕಿಕೊಂಡು ಓದುವಾಗ ಅವಳು ಕಲಿತಿದ್ದಳು. ಮನೆಗೆ ಬಂದವರೇ ಅಪ್ಪ ಮಗನಿಗೆ ಹೊಡೆದರು, ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟರು. ಅವತ್ತಿನಿಂದ ಹುಡುಗ ಅಪ್ಪನ ಜೊತೆ ಮಾತು ಬಿಟ್ಟ, ಊಟಕ್ಕೂ ಒಬ್ಬನೇ ಕೂರತೊಡಗಿದ.

“ಎಲ್ರ ಮುಂದೇನೇ ಅಂದ್ಬುಟ್ಲು ಮೇಡಂ, ನಂಗೆ ತಲೆ ಎತ್ತಕ್ಕಾಗ್ಲಿಲ್ಲ. ಈ ರ‍್ಯಾಪ್ ಅನ್ನೋದನ್ನ ಮನೇಲಿ ಕೇಳ್ಬೋದಾ, ಕೇಳ್ಬಾರ್ದಾ, ಅದೊಂದು ಹೇಳ್ಬುಡಿ ಸಾಕು” ಅಂದರು, ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಅಮ್ಮ.

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳುವುದಕ್ಕೆ ಆಗಲ್ಲ ಅಂದೆ. ಹದಿನಾಲ್ಕರ ಹುಡುಗನಿಗೆ ಒಂದು ಉತ್ತರ, ಎಂಟರ ಹುಡುಗಿಗೆ ಇನ್ನೊಂದು. ಹಾಡಿಂದ ಹಾಡಿಗೂ ಉತ್ತರ ಬೇರೆ.

ಹುಡುಗನ ಜೊತೆ ಒಬ್ಬನೇ ಮಾತಾಡಿದೆ. ಮೊದಲು ಮುಖ ಎತ್ತಲಿಲ್ಲ. ಯಾವ ಹಾಡು ಇಷ್ಟ, ಯಾಕೆ ಇಷ್ಟ ಅಂತ ಕೇಳಿದ್ದೇ ತಡ, ಮಾತು ಹರಿಯಿತು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಪಾರ್ಟಿಯಿಂದ, ರ‍್ಯಾಪ್ ಹುಟ್ಟಿದ ಹಿಪ್ ಹಾಪ್ ಸಂಗೀತ ಶುರುವಾಯಿತು ಅಂತ ಹೇಳುವುದು, ಬಡವರ ಬೀದಿಯಿಂದ ಬಂದದ್ದು, ಒಂದೇ ಉಸಿರಲ್ಲಿ ಅಷ್ಟು ಪ್ರಾಸ ಕೂಡಿಸುವುದು ಎಷ್ಟು ಕಷ್ಟ ಅನ್ನುವುದು, ಎಲ್ಲ ಅವನಿಗೆ ಗೊತ್ತಿತ್ತು. ಕೊನೆಗೆ ಒಂದು ಮಾತು ಕೇಳಿದ: “ಮೇಡಂ, ತಾತ ದಿನಾ ಬೈತಾರೆ, ಎತ್ತಿಗೂ ಬೈತಾರೆ, ಮನುಷ್ಯರಿಗೂ ಬೈತಾರೆ. ಅದಕ್ಕೆ ಯಾರೂ ಏನೂ ಅನ್ನಲ್ಲ. ನಾನು ಕೇಳಿದ್ರೆ ಮಾತ್ರ ತಪ್ಪಾ?”

ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ನಮ್ಮ ಕಡೆ ಬೈಗುಳ ಮಾತಿನ ಜೊತೆಗೇ ಬರುತ್ತದೆ, ಪ್ರೀತಿಗೂ ಬರುತ್ತದೆ. ಮದುವೆ ಮನೆಯಲ್ಲಿ ಬೀಗರನ್ನು ಆಡಿಕೊಂಡು ಹೆಂಗಸರು ಹೇಳುವ ಹಾಡುಗಳಲ್ಲೂ ಪೋಲಿ ಮಾತು ಇರುತ್ತದೆ. ಆದರೆ ಅದಕ್ಕೊಂದು ಹೊತ್ತು, ಜಾಗ ಇದೆ. ಈ ಕಡೆಯವರು ಅಂದರೆ ಆ ಕಡೆಯವರೂ ತಿರುಗಿ ಅನ್ನಬಹುದು. ಹಾಗಾಗಿ ಕೆಟ್ಟ ಪದ ಇದೆಯಾ ಇಲ್ಲವಾ ಅನ್ನುವುದಕ್ಕಿಂತ, ಅದು ಯಾರ ಮೇಲೆ ಬೀಳುತ್ತಿದೆ, ಬಿದ್ದವರಿಗೆ ತಿರುಗಿ ಮಾತಾಡಲು ಜಾಗ ಇದೆಯಾ ಅನ್ನುವುದನ್ನೇ ನಾನು ಜಾಸ್ತಿ ನೋಡುತ್ತೇನೆ. ಇದನ್ನೇ ಅವನಿಗೂ ಹೇಳಿದೆ. ಅವನು ಯೋಚನೆ ಮಾಡಿದ.

ಅಪ್ಪನಿಗೆ ಬೇರೆಯದೇ ಸಂಶಯ. ಇಷ್ಟು ಕೆಟ್ಟ ಹಾಡಿಗೆ ಸರ್ಕಾರದವರು ಸರ್ಟಿಫಿಕೇಟ್ ಹೇಗೆ ಕೊಟ್ಟರು ಅಂತ. ಬಹಳ ಜನ ಹೀಗೇ ತಿಳಿದಿದ್ದಾರೆ. ಥಿಯೇಟರಿಗೆ ಬರುವ ಸಿನಿಮಾಗೆ ಸೆನ್ಸಾರ್ ಮಂಡಳಿ ಇದೆ, 2024ರಿಂದ ಯು/ಎ (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದು) ಅನ್ನುವುದನ್ನೂ 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ಆ್ಯಪ್‌ನಲ್ಲಿ ಬರೀ ಕೇಳುವ ಹಾಡಿಗೆ ಆ ಥರದ ಮಂಡಳಿ ಇಲ್ಲ. ಹಾಡಿನ ಹೆಸರಿನ ಪಕ್ಕ ಕಾಣುವ ಸಣ್ಣ ‘ಇ’ ಗುರುತು (ಎಕ್ಸ್‌ಪ್ಲಿಸಿಟ್, ಅಂದರೆ ಬೈಗುಳ ಅಥವಾ ಹಸಿ ಮಾತು ಇದೆ ಅಂತ) ಹೆಚ್ಚಾಗಿ ಹಾಡು ಬಿಡುಗಡೆ ಮಾಡುವವರೇ ಹಾಕುವುದು. ಅಮೆರಿಕದಲ್ಲಿ 1985ರಲ್ಲಿ ಕೆಲವು ತಾಯಂದಿರು ಹಟ ಹಿಡಿದ ಮೇಲೆ ಕ್ಯಾಸೆಟ್ಟುಗಳ ಮೇಲೆ ಎಚ್ಚರಿಕೆಯ ಚೀಟಿ ಬಂತು, 1990ರಿಂದ ಎಲ್ಲ ಕಂಪನಿಗಳಿಗೂ ಒಂದೇ ಥರದ ಕಪ್ಪು-ಬಿಳುಪು ಚೀಟಿ ಆಯಿತು. ಈ ‘ಇ’ ಅದೇ ದಾರಿಯಲ್ಲಿ ಬಂದದ್ದು. ಎಷ್ಟು ವಯಸ್ಸಿನವರು ಕೇಳಬಹುದು ಅಂತ ಅದು ಹೇಳುವುದಿಲ್ಲ. ಒಳಗಿರುವುದು ಸಿಟ್ಟಾ, ಸಂಕಟಾನಾ, ಹೊಲಸಾ ಅಂತಲೂ ಹೇಳುವುದಿಲ್ಲ. 2018ರಲ್ಲಿ ಅಮೆರಿಕದ ರ‍್ಯಾಪ್ ಹಾಡುಗಾರ ಕೆಂಡ್ರಿಕ್ ಲಮಾರ್ ಅವರ ‘ಡ್ಯಾಮ್’ ಆಲ್ಬಮ್ಮಿಗೆ ಸಂಗೀತದ ಪುಲಿಟ್ಜರ್ ಅನ್ನುವ ಅಲ್ಲಿನ ದೊಡ್ಡ ಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತ, ಜಾಝ್ ಬಿಟ್ಟು ಬೇರೆ ಪ್ರಕಾರಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಆಲ್ಬಮ್ಮಿನ ಮೇಲೂ ಇದೇ ಗುರುತಿದೆ. ಇನ್ನು ‘ಕ್ಲೀನ್’ ಅನ್ನುವ ಆವೃತ್ತಿಗಳಲ್ಲಿ ಪದ ಅಳಿಸಿರುತ್ತಾರೆ, ವಿಷಯ ಹಾಗೇ ಇರುತ್ತದೆ. ಇದು ತಂದೆತಾಯಿಗೆ ಗೊತ್ತಿರಲೇಬೇಕು.

ನಾನು ಹೇಳಿದ ಮೊದಲ ಕೆಲಸ: ಹುಡುಗ ತನಗಿಷ್ಟವಾದ ಎರಡು ಹಾಡು ಆರಿಸಬೇಕು, ಅಪ್ಪ ಪಕ್ಕದಲ್ಲಿ ಕೂತು ಪೂರ್ತಿ ಕೇಳಬೇಕು, ಮಧ್ಯೆ ಬೈಯಬಾರದು. ಸಾಲುಗಳು ಆ್ಯಪ್‌ನಲ್ಲೇ ಕಾಣುತ್ತವೆ, ಮಗ ವಿವರಿಸಬೇಕು. ಆಮೇಲೆ ಅಪ್ಪ ಕೇಳಬೇಕಾದ್ದು ಇಷ್ಟೇ. ಇದನ್ನು ಹೇಳುತ್ತಿರುವವನು ಯಾರು, ತಾನು ಕಂಡ ಕಷ್ಟ ಹೇಳುತ್ತಿದ್ದಾನಾ, ಸುಮ್ನೆ ಮೆರೆಯುತ್ತಿದ್ದಾನಾ? ಇದರಲ್ಲಿ ಹೆಣ್ಣುಮಗಳು ಮನುಷ್ಯಳಾಗಿ ಇದ್ದಾಳಾ? ನಿನ್ನ ತಂಗಿ ದೊಡ್ಡವಳಾದಾಗ ಅವಳ ಬಗ್ಗೆ ಯಾರಾದರೂ ಹೀಗಂದರೆ ನಿನಗೆ ಹೇಗಿರುತ್ತದೆ?

ಅಪ್ಪ ಒಲ್ಲದ ಮನಸ್ಸಿನಿಂದಲೇ ಕೂತರು. ಮೊದಲನೆಯ ಹಾಡಿನಲ್ಲಿ ಬೈಗುಳ ಜಾಸ್ತಿ ಇತ್ತು, ಆದರೆ ಅದು ಕೆಲಸವಿಲ್ಲದ ಒಬ್ಬ ಹುಡುಗ, ಪೊಲೀಸರ ಕಾಟ, ಜೈಲಿಗೆ ಹೋದ ಗೆಳೆಯ, ಇವರ ಕಥೆ. ಅಪ್ಪನಿಗೆ ಆ ಸಿಟ್ಟು ಅರ್ಥವಾಯಿತಂತೆ. ಎರಡನೆಯದರಲ್ಲಿ ಬೈಗುಳ ಹೆಚ್ಚುಕಡಿಮೆ ಇರಲೇ ಇಲ್ಲ, ‘ಇ’ ಗುರುತೂ ಇರಲಿಲ್ಲ. ಹುಡುಗಿಯರನ್ನು ಕಾರು, ವಾಚಿನ ಜೊತೆ ಸೇರಿಸಿ ಎಣಿಸಿದ್ದ ಹಾಡು ಅದು. ಅರ್ಧಕ್ಕೆ ಮಗನೇ ನಿಲ್ಲಿಸಿದ. ನನ್ನ ಅಭಿಪ್ರಾಯವನ್ನೂ ನೇರವಾಗಿ ಹೇಳಿದೆ: ಒಂಬತ್ತನೇ ಕ್ಲಾಸಿನ ಹುಡುಗ ಮೊದಲನೆಯದನ್ನು ದೊಡ್ಡವರ ಜೊತೆ ಮಾತಾಡುತ್ತಾ ಕೇಳಬಹುದು. ಎರಡನೆಯದು ಬೇಡ.

ತಂಗಿಯ ವಿಷಯದಲ್ಲಿ ಚರ್ಚೆಯೇ ಇಲ್ಲ. ಎಂಟು ವರ್ಷದ ಮಗು ತಾಳ ಹಿಡಿಯುತ್ತದೆ, ಅರ್ಥ ಕೇಳುವುದಿಲ್ಲ, ಕಿವಿಗೆ ಬಿದ್ದದ್ದನ್ನು ಹಾಗೇ ಹಾಡುತ್ತದೆ. ಅವಳಿಗೆ ಅದು ಬೇಡವೇ ಬೇಡ. ಅವಳು ನೋಡುವ ಅಮ್ಮನ ಫೋನಿನಲ್ಲಿ ಹಾಡು ಕೇಳುವ ಆ್ಯಪ್ ಸ್ಪಾಟಿಫೈನ ಸೆಟ್ಟಿಂಗ್ಸ್‌ಗೆ ಹೋಗಿ ‘ಎಕ್ಸ್‌ಪ್ಲಿಸಿಟ್’ ಹಾಡುಗಳನ್ನು ಮತ್ತು ತಾನಾಗೇ ಬೇರೆ ಹಾಡು ಹಾಕುತ್ತಾ ಹೋಗುವ ಆಟೋಪ್ಲೇಯನ್ನು ಬಂದ್ ಮಾಡಿಸಿದೆ, ಯೂಟ್ಯೂಬ್‌ನಲ್ಲಿ ದೊಡ್ಡವರಿಗಷ್ಟೇ ಸರಿಯಾದ ವಿಡಿಯೋ ತಡೆಯುವ ರಿಸ್ಟ್ರಿಕ್ಟೆಡ್ ಮೋಡ್ ಹಾಕಿಸಿದೆ. ಇವು ಎಲ್ಲವನ್ನೂ ತಡೆಯುವುದಿಲ್ಲ, ಗುರುತೇ ಹಾಕದ ಹಾಡು ನುಸುಳುತ್ತದೆ, ಆದ್ದರಿಂದ ಕಿವಿ ಕೊಟ್ಟಿರಬೇಕು. ತಂಗಿ ಮನೆಯಲ್ಲಿರುವಾಗ ಅಣ್ಣ ಇಯರ್‌ಫೋನ್ ಹಾಕಿಕೊಳ್ಳಬೇಕು, ಅದೂ ಸಣ್ಣ ದನಿಯಲ್ಲಿ. ಮಗುವಿಗೆ ಬೈಯಬೇಡಿ, ಅವಳು ತಪ್ಪು ಮಾಡಿಲ್ಲ. “ಅದು ಒಬ್ಬರಿಗೆ ನೋವಾಗೋ ಮಾತು ಪುಟ್ಟಿ, ನಾವು ಅನ್ನಲ್ಲ” ಅಂದರೆ ಸಾಕು.

ಹೊಡೆದ ವಿಷಯ ಅಪ್ಪನಿಗೆ ಬಿಡಿಸಿ ಹೇಳಿದೆ. ಹೊಡೆದರೆ ಹಾಡು ನಿಲ್ಲುವುದಿಲ್ಲ, ಸ್ನೇಹಿತನ ಫೋನಿನಲ್ಲಿ ಕೇಳುತ್ತಾನೆ, ನಿಮಗೆ ಹೇಳುವುದನ್ನು ಮಾತ್ರ ನಿಲ್ಲಿಸುತ್ತಾನೆ. ಅವರು ಮಗನ ಹತ್ತಿರ ಹೋಗಿ “ಹೊಡೀಬಾರ್ದಿತ್ತು ಕಣ್ ಮಗ” ಅಂದರು ಅಂತ ಅಮ್ಮ ಆಮೇಲೆ ತಿಳಿಸಿದರು. ತಾತನೂ ಮೊಮ್ಮಗಳ ಮುಂದೆ ಬಾಯಿ ಬಿಗಿಹಿಡಿಯುತ್ತೇನೆ ಅಂದಿದ್ದಾರೆ, ಎತ್ತಿನ ಮುಂದೆ ಮಾತ್ರ ಆಗಲ್ಲವಂತೆ.

ಯಾವುದಕ್ಕೆ ಹೆದರಬೇಕು ಅಂತ ಅಮ್ಮ ಕೇಳಿದ್ದರು. ಹಾಡಿಗಿಂತ ಹುಡುಗನನ್ನು ನೋಡಿ ಅಂದೆ. ಕ್ಲಾಸಿನ ಹುಡುಗಿಯರ ಮೇಲೆ ಆ ಮಾತು ಬಳಸತೊಡಗಿದರೆ, ಗಾಂಜಾ, ಚಾಕು ದೊಡ್ಡಸ್ತಿಕೆ ಅಂತ ಹೇಳಿಕೊಂಡರೆ, ನಿದ್ದೆ ಕೆಟ್ಟು ಸಾವಿನ ಹಾಡುಗಳನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಮುಂದಿನ ಭೇಟಿಗೆ ಕಾಯಬೇಡಿ, ಕೂಡಲೇ ಕರೆದುಕೊಂಡು ಬನ್ನಿ. ರಾತ್ರಿ ಹೊತ್ತು ತುರ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಮೊಬೈಲ್ ಹುಡುಗನ ಕೈಗೆ ವಾಪಸ್ ಬಂದಿದೆ. ರಾತ್ರಿ ಊಟ ಆದ ಮೇಲೆ ಅದು ಅಪ್ಪನ ಹತ್ತಿರ ಇರಬೇಕು ಅನ್ನುವುದು ಅವರ ಷರತ್ತು. ಹುಡುಗ ಗೊಣಗುತ್ತಲೇ ಒಪ್ಪಿದ್ದಾನೆ. ನಾನೂ ಅದು ಸರಿ ಅಂದೆ.