ಡಬ್ಲಿನ್ನೋ ಲಿಸ್ಬನ್ನೋ ಎಂದು ಕೇಳಿದ ತಮ್ಮನಿಗೆ

ತಮ್ಮಾ, ಐರ್ಲೆಂಡ್‌ನ ಡಬ್ಲಿನ್‌ನಲ್ಲೂ ಪೋರ್ಚುಗಲ್‌ನ ಲಿಸ್ಬನ್‌ನಲ್ಲೂ ಕೆಲಸ ಸಿಕ್ಕಿದೆ, ಎರಡೂ ಕಡೆ ಯೂರೋ ತಾನೇ, ಎಲ್ಲಿಗೆ ಹೋದರೂ ಒಂದೇ ಅಲ್ವಾ ಅಂತ ಕೇಳಿದ್ದೀಯ. ಖಂಡಿತ ಒಂದೇ ಅಲ್ಲ. ನಾನು ಡಬ್ಲಿನ್‌ಗೆ ನರ್ಸ್ ಆಗಿ ಬಂದಿದ್ದು 2006ರಲ್ಲಿ. ಹಲವು ದೇಶಕ್ಕೆ ನೋಟು ಒಂದೇ ಆದರೆ ಏನಾಗುತ್ತದೆ ಅನ್ನೋದನ್ನು ನನ್ನ ಸಂಬಳದ ಚೀಟಿಯೇ ಕಲಿಸಿತು.

ಆಗ ಇಲ್ಲಿ ಎತ್ತ ನೋಡಿದರೂ ಹೊಸ ಮನೆ ಏಳುತ್ತಿತ್ತು. ಯೂರೋ ದೇಶಗಳಿಗೆಲ್ಲ ಬಡ್ಡಿ ದರ ಗೊತ್ತು ಮಾಡೋದು ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್. 2003ರಿಂದ 2005ರವರೆಗೆ ಅದು 2% ಇತ್ತು. ಸೊರಗಿದ್ದ ಜರ್ಮನಿಗೆ ಅದು ಸರಿಯಾಗಿತ್ತು. ಓಡುತ್ತಿದ್ದ ಐರ್ಲೆಂಡ್‌ಗೆ ತೀರಾ ಅಗ್ಗ. ಜನ ಕಣ್ಣು ಮುಚ್ಚಿ ಮನೆ ಸಾಲ ಮಾಡಿದರು. 2008ರಲ್ಲಿ ಎಲ್ಲ ಕುಸಿಯಿತು.

1991ರ ಜುಲೈನಲ್ಲಿ ನಮ್ಮ ದೇಶ ಕಷ್ಟಕ್ಕೆ ಸಿಕ್ಕಾಗ ರೂಪಾಯಿ ಬೆಲೆಯನ್ನು ಎರಡು ಸಲ ಇಳಿಸಿದ್ದರು. ಐರ್ಲೆಂಡ್ ಕೂಡ 1993ರಲ್ಲಿ ತನ್ನ ಪೌಂಡ್ ಬೆಲೆಯನ್ನು 10% ಇಳಿಸಿತ್ತು. ನೋಟಿನ ಬೆಲೆ ಇಳಿದರೆ ದೇಶದ ಸರಕು ಹೊರಗಿನವರಿಗೆ ಅಗ್ಗವಾಗಿ ಹೆಚ್ಚು ಮಾರಾಟವಾಗುತ್ತದೆ. ಯೂರೋ ಬಂದ ಮೇಲೆ ಆ ದಾರಿ ಮುಚ್ಚಿತು. ನೋಟಿನ ಬೆಲೆ ಇಳಿಸೋಕಾಗದಿದ್ದರೆ ಸಂಬಳ ಇಳಿಸಬೇಕು. 2009ರಲ್ಲಿ ಸರ್ಕಾರಿ ನೌಕರರಿಗೆ ಪಿಂಚಣಿ ಹೆಸರಲ್ಲಿ ಒಂದು ಕಡಿತ ಶುರುವಾಯಿತು. 2010ರ ಜನವರಿಯಿಂದ ಮೂಲ ಸಂಬಳಕ್ಕೇ ಕತ್ತರಿ. 2011ರಲ್ಲಿ ಯೂನಿವರ್ಸಲ್ ಸೋಶಿಯಲ್ ಚಾರ್ಜ್ ಅಂತ ಇನ್ನೊಂದು ತೆರಿಗೆ. ಅದೇ ವಾರ್ಡು, ಅದೇ ರಾತ್ರಿ ಪಾಳಿ, ಕೈಗೆ ಬರುವ ದುಡ್ಡು ಮಾತ್ರ ಕಮ್ಮಿ. ಮನೆ ಸಾಲದ ಅಸಲು ಒಂದು ಯೂರೋ ಕೂಡ ಇಳಿಯಲಿಲ್ಲ. ನನಗೆ ಇವತ್ತಿಗೂ ಅನ್ಯಾಯ ಅನಿಸೋದು ಇದೇ. ಸಾಲ ಕೊಟ್ಟ ಬ್ಯಾಂಕುಗಳನ್ನು ಸರ್ಕಾರ ದುಡ್ಡು ಸುರಿದು ಉಳಿಸಿತು, ಸಾಲ ತೀರಿಸುವವರ ಸಂಬಳ ಕತ್ತರಿಸಿತು. ನಿರುದ್ಯೋಗ 15% ಹತ್ತಿರ ಹೋಯಿತು. ಜೊತೆಗೆ ಕೆಲಸ ಮಾಡುತ್ತಿದ್ದವರ ಮಕ್ಕಳು ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟರು.

ಕರ್ನಾಟಕ ಕಟ್ಟಿದಷ್ಟು ತೆರಿಗೆ ದೆಹಲಿಯಿಂದ ವಾಪಸ್ ಬರುವುದಿಲ್ಲ ಅಂತ ನಾವು ಜಗಳ ಆಡುತ್ತೇವೆ. ಜಗಳ ನ್ಯಾಯವೇ. ಆದರೆ ಒಂದೇ ರೂಪಾಯಿ ಬಳಸುವ ಬಡ ರಾಜ್ಯಕ್ಕೆ ದುಡ್ಡು ಹರಿಯುವ ಕಾಲುವೆಯಾದರೂ ಅಲ್ಲಿದೆ. ಯೂರೋ ದೇಶಗಳ ನಡುವೆ ಅದು ಬಹಳ ಸಣ್ಣದು. 2010ರ ನವೆಂಬರಿನಲ್ಲಿ ಐರ್ಲೆಂಡ್‌ಗೆ ಗೊತ್ತಾದ 85 ಬಿಲಿಯನ್ ಯೂರೋ ನೆರವಿನಲ್ಲಿ ಹೊರಗಿನಿಂದ ಬಂದಿದ್ದೆಲ್ಲ ಸಾಲ, ಅದೂ ಷರತ್ತಿನ ಮೇಲೆ. ಉಳಿದ 17.5 ಬಿಲಿಯನ್ ಐರ್ಲೆಂಡ್‌ನದೇ ದುಡ್ಡು!

ಪೋರ್ಚುಗಲ್ ಕೂಡ 2011ರಲ್ಲಿ 78 ಬಿಲಿಯನ್ ಸಾಲ ತೆಗೆದುಕೊಂಡಿತು. ಅಲ್ಲಿ ವರ್ಷಕ್ಕೆ 14 ಸಂಬಳ ಕೊಡುವುದು ರೂಢಿ. 2012ರಲ್ಲಿ ಸರ್ಕಾರಿ ನೌಕರರಿಗೆ ಆ ಹೆಚ್ಚಿನ ಎರಡಕ್ಕೇ ಕತ್ತರಿ ಬಿತ್ತು. ಹಾಗಾಗಿ ಲಿಸ್ಬನ್‌ನವರು ಹೇಳಿದ ತಿಂಗಳ ಸಂಬಳ 12 ಸಲವೋ 14 ಸಲವೋ ಅಂತ ಮೊದಲು ಕೇಳು. 2025ರಲ್ಲಿ ಅಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 870 ಯೂರೋ, ಇಲ್ಲಿ ಗಂಟೆಗೆ 13.50. ಸುಮ್ನೆ ಸಂಖ್ಯೆ ನೋಡಿ ಹಿಗ್ಗಬೇಡ, ಡಬ್ಲಿನ್ ಬಾಡಿಗೆ ಅದರಲ್ಲಿ ದೊಡ್ಡ ಪಾಲು ನುಂಗುತ್ತದೆ.

ಆದರೂ ನಾನಾಗಿದ್ದರೆ ಡಬ್ಲಿನ್‌ಗೇ ಬರುತ್ತಿದ್ದೆ, ಇಲ್ಲಿ ಕೆಲಸ ಬದಲಿಸುವ ಅವಕಾಶ ಜಾಸ್ತಿ. ಮೊದಲ ಎರಡು ವರ್ಷ ಮನೆ ಕೊಳ್ಳಬೇಡ. ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿ ಇಟ್ಟುಕೋ. ಊರಿನ ಸಾಲ ಏನಾದರೂ ಇದ್ದರೆ ಅದನ್ನು ಮೊದಲು ತೀರಿಸು.